ಉಪಗ್ರಹವಿದ್ದರೂ ಬಲೂನು ಬೇಕು

ಕೇರಳದಲ್ಲಿ ಬೇಸಿಗೆ ಬಂತೆಂದರೆ ಈಗ ಉಷ್ಣಾಂಶದ ಜೊತೆಗೆ ಇನ್ನೊಂದು ಅಂಕಿಯೂ ಸುದ್ದಿಯಾಗುತ್ತದೆ. ಅದು ಅತಿನೇರಳೆ ಕಿರಣಗಳ ಸೂಚ್ಯಂಕ. 2025ರ ಬೇಸಿಗೆಯಲ್ಲಿ ಇಲ್ಲಿನ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಊರೂರಿನ ಸೂಚ್ಯಂಕ ಪ್ರಕಟಿಸಿ, ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆ ಕೊಡತೊಡಗಿತು. ನಾನಿರುವುದು ಕೊಚ್ಚಿಯ ಪಾಲಾರಿವಟ್ಟಂನಲ್ಲಿ. ಕಾಕ್ಕನಾಡಿನ ಕಡೆ ಹೋಗುವ ಬಸ್ಸಿಗೆ ಬೆಳಿಗ್ಗೆ ಕಾಯುವವರಲ್ಲಿ ಗಂಡಸರೂ ಬಿಸಿಲಿಗೆ ಛತ್ರಿ ಬಿಚ್ಚಿ ನಿಂತಿರುತ್ತಾರೆ. ನಮ್ಮ ತಿಪಟೂರಿನಲ್ಲಿ ಹೀಗೆ ನಿಂತರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಫೋನಿನಲ್ಲಿ ಹೇಳಿದಾಗ ಅಮ್ಮ, 'ಕೇರಳ ಅಂದ್ರೆ ತಂಪು ಅಂತಾರಲ್ಲೋ, ನೀನು ನೋಡಿದ್ರೆ ಬಿಸಿಲಿಗೂ ಛತ್ರಿ ಅಂತೀಯ' ಎಂದು ನಕ್ಕರು.

ತಂಪು, ಸೆಕೆ ಬೇರೆ; ಅತಿನೇರಳೆ ಕಿರಣ ಬೇರೆ. ಏಪ್ರಿಲ್ ಮಧ್ಯದಲ್ಲಿ ಕೊಚ್ಚಿಯ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಬೆಂಗಳೂರಿನವರು ಏಪ್ರಿಲ್ 24ರ ಆಸುಪಾಸಿನಲ್ಲಿ 'ಶೂನ್ಯ ನೆರಳಿನ ದಿನ' ಎಂದು ಶಾಲೆಗಳಲ್ಲಿ ಆಚರಿಸುವುದು ಇದನ್ನೇ. ಇದರ ಮೇಲೆ ಇನ್ನೊಂದು ಕಾರಣವಿದೆ: ನಮ್ಮ ತಲೆಯ ಮೇಲಿನ ಓಝೋನ್ ಹೊದಿಕೆಯೇ ತೆಳು.

ಎಷ್ಟು ತೆಳು? ವಾತಾವರಣದಲ್ಲಿ ಚದುರಿಹೋಗಿರುವ ಓಝೋನನ್ನೆಲ್ಲ ಸಮುದ್ರಮಟ್ಟದ ಒತ್ತಡಕ್ಕೆ, ಸೊನ್ನೆ ಡಿಗ್ರಿಗೆ ತಂದು ನೆಲಕ್ಕೆ ಹಾಸಿದರೆ ಜಗತ್ತಿನ ಸರಾಸರಿಯಲ್ಲಿ ಮೂರು ಮಿಲಿಮೀಟರ್ ದಪ್ಪ ಬರುತ್ತದೆ. ಇದನ್ನು 300 ಡಾಬ್ಸನ್ ಯೂನಿಟ್ ಎನ್ನುತ್ತಾರೆ. 1920ರ ದಶಕದಲ್ಲಿ ಓಝೋನ್ ಅಳೆಯುವ ಯಂತ್ರ ಮಾಡಿದ ಆಕ್ಸ್‌ಫರ್ಡ್‌ನ ಜಿ.ಎಂ.ಬಿ. ಡಾಬ್ಸನ್ ಅವರ ಹೆಸರು ಅದು. ದಕ್ಷಿಣ ಭಾರತದಂಥ ಉಷ್ಣವಲಯದಲ್ಲಿ ಈ ಅಂಕಿ ಸಾಮಾನ್ಯವಾಗಿ 250ರಿಂದ 280ರ ಸುಮಾರು. ಉತ್ತರದ ತಣ್ಣನೆಯ ದೇಶಗಳಲ್ಲಿ ವಸಂತದ ಹೊತ್ತಿಗೆ 400 ದಾಟುವುದೂ ಉಂಟು. ವಿಚಿತ್ರವೆಂದರೆ ಓಝೋನ್ ಹೆಚ್ಚಾಗಿ ತಯಾರಾಗುವುದು ನಮ್ಮ ಆಕಾಶದಲ್ಲೇ. ಬಿಸಿಲು ಇಲ್ಲಿ ಜಾಸ್ತಿ. ಆದರೆ ಮೇಲಿನ ಗಾಳಿಯ ನಿಧಾನ ಹರಿವು ಅದನ್ನು ಧ್ರುವಗಳ ಕಡೆಗೆ ಸಾಗಿಸಿಬಿಡುತ್ತದೆ. ತೆಂಗು ನಮ್ಮದು, ಎಳನೀರು ಪೇಟೆಯವರಿಗೆ ಎಂಬ ಹಾಗೆ.

ಹಾಗಾದರೆ ನಮ್ಮ ಪಾಲಿಗೆ ಉಳಿದಿರುವುದು ಎಷ್ಟು, ಅದು ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ ಎಂದು ಯಾರು ಅಳೆಯುತ್ತಾರೆ? ಈ ಪ್ರಶ್ನೆ ಕೇಳಿದರೆ ನನ್ನ ಕಸುಬಿನ ಗೆಳೆಯರೆಲ್ಲ ಒಂದೇ ಉತ್ತರ ಕೊಡುತ್ತಾರೆ: 'ಉಪಗ್ರಹ ಇದೆಯಲ್ಲ.' ಈ ಉತ್ತರ ಅರ್ಧ ಸರಿ. ಉಳಿದರ್ಧವನ್ನು ನಾವು ಮರೆಯುತ್ತಿರುವುದರಿಂದ ಆಗುವ ನಷ್ಟದ ಬಗ್ಗೆ ಈ ಬರಹ.

ಉಪಗ್ರಹದ ಸಾಧನೆ ಸಣ್ಣದಲ್ಲ. 1978ರಲ್ಲಿ ನಾಸಾದ ನಿಂಬಸ್-7 ಹಾರಿದಾಗಿನಿಂದ ಇಡೀ ಭೂಮಿಯ ಓಝೋನ್ ನಕ್ಷೆ ದಿನದಿನವೂ ಸಿಗುವ ಕಾಲ ಶುರುವಾಯಿತು. 2004ರಲ್ಲಿ ಔರಾ, 2017ರಲ್ಲಿ ಯುರೋಪಿನ ಸೆಂಟಿನೆಲ್-5ಪಿ ಬಂದವು. ನಮ್ಮ ಇಸ್ರೋದ ಇನ್ಸಾಟ್-3ಡಿ 2013ರಲ್ಲಿ ಹಾರಿದ ಮೇಲೆ ಅದರ ಅಳತೆಗಳಿಂದಲೂ ಒಟ್ಟು ಓಝೋನ್ ಲೆಕ್ಕ ಹಾಕಿದರು. ಈ ದತ್ತಾಂಶದಲ್ಲಿ ಬಹುಪಾಲನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಎಂ.ಟೆಕ್ ಓದುವಾಗ ನಾನೂ ಇಂಥ ಫೈಲುಗಳನ್ನು ಇಳಿಸಿ, ಹತ್ತು ಸಾಲು ಕೋಡ್ ಬರೆದು, ಭಾರತದ ಮೇಲೆ ಬಣ್ಣಬಣ್ಣದ ನಕ್ಷೆ ಬಿಡಿಸಿದ್ದೇನೆ. ನಕ್ಷೆ ಚೆಂದ ಕಾಣುತ್ತದೆ. ಅಷ್ಟು ಚೆಂದ ಕಂಡಾಗ ಅದು ಅಳತೆಯೋ ಅಂದಾಜೋ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ.

ಉಪಗ್ರಹ ಓಝೋನನ್ನು ಮುಟ್ಟುವುದಿಲ್ಲ. ಅತಿನೇರಳೆಯಲ್ಲಿ ನೋಡುವ ಉಪಕರಣಗಳು ಭೂಮಿಯಿಂದ, ಮೋಡದಿಂದ, ಗಾಳಿಯಿಂದ ಚದುರಿ ವಾಪಸಾಗುವ ಸೂರ್ಯನ ಬೆಳಕನ್ನು ಹಿಡಿಯುತ್ತವೆ. ಓಝೋನ್ ಹೆಚ್ಚು ಹೀರುವ ಒಂದು ಬಣ್ಣ, ಕಡಿಮೆ ಹೀರುವ ಇನ್ನೊಂದು ಬಣ್ಣ ಇವೆರಡನ್ನು ಹೋಲಿಸಿ, ನಡುವೆ ಎಷ್ಟು ಓಝೋನ್ ಇದ್ದಿರಬೇಕು ಎಂದು ಲೆಕ್ಕ ಹಾಕುತ್ತವೆ. ಆ ಲೆಕ್ಕಕ್ಕೆ ಮೋಡ ಎಷ್ಟು ಎತ್ತರದಲ್ಲಿದೆ, ಯಾವ ಎತ್ತರದಲ್ಲಿ ಸಾಮಾನ್ಯವಾಗಿ ಎಷ್ಟು ಓಝೋನ್ ಇರುತ್ತದೆ ಎಂಬುದನ್ನೆಲ್ಲ ಮೊದಲೇ ಊಹಿಸಿಕೊಳ್ಳಬೇಕು. ಎತ್ತರದ ಆ ಊಹೆ ಎಲ್ಲಿಂದ ಬಂತು? ಕೆಳಗಿನ ಭಾಗಕ್ಕೆ ಅದು ಬಂದದ್ದು ಮುಖ್ಯವಾಗಿ ಹಲವು ದಶಕ ಬಲೂನು ಹಾರಿಸಿ ಕೂಡಿಟ್ಟ ಅಳತೆಗಳಿಂದ. ಅಂದರೆ ಉಪಗ್ರಹದ ಅಂಕಿಯ ಒಳಗೇ ಬಲೂನು ಕೂತಿದೆ.

ಉಷ್ಣವಲಯದಲ್ಲಿ ಈ ಕಷ್ಟ ಇನ್ನೂ ಹೆಚ್ಚು. ಹೈಸ್ಕೂಲಿನ ಭೂಗೋಳದಲ್ಲಿ ಓದಿದ್ದು ನೆನಪಿರಬಹುದು: ನಾವು ಉಸಿರಾಡುವ ಪರಿವರ್ತನ ಮಂಡಲ, ಅದರ ಮೇಲೆ ಸಮೋಷ್ಣ ಮಂಡಲ. ಇವೆರಡರ ಗಡಿ ನಮ್ಮಲ್ಲಿ 16–17 ಕಿಲೋಮೀಟರ್ ಎತ್ತರದಲ್ಲಿದೆ. ನಮ್ಮ ಓಝೋನಿನ ಬಹುಪಾಲು ಅದಕ್ಕಿಂತ ಮೇಲೆ, 25 ಕಿಲೋಮೀಟರ್‌ನ ಆಸುಪಾಸಿನಲ್ಲಿ ದಟ್ಟವಾಗಿದೆ. ಅದು ನಮ್ಮನ್ನು ಕಾಯುವ ಓಝೋನ್. ಕೆಳಗಿನ ಮಂಡಲದಲ್ಲಿರುವುದು ಒಟ್ಟಿನ ಸುಮಾರು ಹತ್ತನೇ ಒಂದು ಪಾಲು. ಅದರಲ್ಲೂ ನೆಲದ ಹತ್ತಿರದ್ದು ವಾಹನ, ಕಾರ್ಖಾನೆಗಳ ಹೊಗೆ ಮತ್ತು ಬಿಸಿಲು ಸೇರಿ ಹುಟ್ಟುವ, ಶ್ವಾಸಕೋಶಕ್ಕೂ ಬೆಳೆಗೂ ಕೆಟ್ಟದ್ದಾದ ಓಝೋನ್. ಮೇಲಿಂದ ನೋಡುವ ಉಪಗ್ರಹಕ್ಕೆ ಮೇಲಿನ ದಪ್ಪ ಪದರದ ಹಿಂದೆ ಕೆಳಗಿನ ತೆಳು ಪದರ ಮಸುಕು. ಮಳೆಗಾಲದಲ್ಲಂತೂ ಕೇರಳ, ಕರಾವಳಿಯ ಮೇಲೆ ಮೋಡ ಕವಿದು ಕೆಳಗಿನದ್ದು ಕಾಣುವುದೇ ಇಲ್ಲ. ಎತ್ತರದ ಮೋಡದ ಮೇಲಿನ ಓಝೋನನ್ನು ಪಕ್ಕದ ಮೋಡವಿಲ್ಲದ ಜಾಗದ ಒಟ್ಟು ಓಝೋನಿನಿಂದ ಕಳೆದು ಕೆಳಗಿನದ್ದನ್ನು ಹೊರತೆಗೆಯುವ ಜಾಣ ಉಪಾಯವನ್ನೂ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಆದರೆ ಹಾಗೆ ಕಳೆದು ಬಂದ ಉತ್ತರ ಸರಿಯೇ ಎಂದು ನೋಡಲು ಆ ಗಾಳಿಯೊಳಗೇ ಒಂದು ಉಪಕರಣ ಹೋಗಿ ಬರಬೇಕು.

ನನ್ನ ಕೆಲಸದ ಉದಾಹರಣೆ ಕೊಟ್ಟರೆ ಇದು ಸುಲಭವಾಗಿ ಅರ್ಥವಾದೀತು. ನಮ್ಮ ತಂಡ ಸಮುದ್ರ ಆಹಾರ ರಫ್ತು ಮಾಡುವವರಿಗೆ ತಂತ್ರಾಂಶ ಮಾಡುತ್ತದೆ. ಸಿಗಡಿ ತುಂಬಿದ ಕಂಟೈನರುಗಳ ಒಳಗೆ ಸೆನ್ಸರುಗಳಿರುತ್ತವೆ. ಐದೈದು ನಿಮಿಷಕ್ಕೆ ಉಷ್ಣಾಂಶ ಬಂದು ನಮ್ಮ ಪರದೆಯಲ್ಲಿ ಹಸಿರು ಗೆರೆಯಾಗಿ ಓಡುತ್ತದೆ. ಹೊಸಬರು ಆ ಗೆರೆಯನ್ನೇ ನಂಬುತ್ತಾರೆ. ಅನುಭವಸ್ಥರು ಮಾತ್ರ ತಿಂಗಳಿಗೊಮ್ಮೆ ಒಬ್ಬ ಮನುಷ್ಯ, ತಾಳೆ ನೋಡಿದ ಥರ್ಮಾಮೀಟರ್ ಹಿಡಿದು ಒಳಗೆ ಹೋಗಿ ಅಳೆಯಲೇಬೇಕು ಎನ್ನುತ್ತಾರೆ. ಸೆನ್ಸರು ಸತ್ತರೆ ತೊಂದರೆಯಿಲ್ಲ, ಗೊತ್ತಾಗುತ್ತದೆ. ಅದು ಬದುಕಿದ್ದು ತಿಂಗಳಿಗೆ ಒಂದಿಷ್ಟೇ ವಾಲಿಕೊಳ್ಳುತ್ತಾ ಹೋದರೆ ಗೆರೆ ನುಣುಪಾಗಿಯೇ ಇರುತ್ತದೆ, ಸಿಗಡಿ ಕೆಡುತ್ತದೆ. ವೆಚ್ಚ ಕಡಿತದ ಮಾತು ಬಂದಾಗ ಮೊದಲು ಕತ್ತರಿ ಬೀಳುವುದು ಆ ಥರ್ಮಾಮೀಟರ್ ಹಿಡಿದವನ ಪ್ರಯಾಣ ಭತ್ಯೆಗೆ.

ಆಕಾಶದಲ್ಲೂ ಇದೇ ಆಗಿದೆ. ನಿಂಬಸ್-7ರಲ್ಲಿ ಸೂರ್ಯನ ಬೆಳಕನ್ನು ಹರಡಿ ತೋರಿಸುವ ಫಲಕ ವರ್ಷಗಳು ಕಳೆದಂತೆ ಮಂಕಾಯಿತು. ಅದರಿಂದ ಅಳತೆ ನಿಧಾನವಾಗಿ ವಾಲಿತು. ಅದು ಖಚಿತವಾದದ್ದು ನೆಲದ ಮೇಲಿನ ಡಾಬ್ಸನ್ ಯಂತ್ರಗಳ ಜೊತೆ ತಾಳೆ ಹಾಕಿದಾಗ. ಅಂಟಾರ್ಕ್ಟಿಕಾದ ಓಝೋನ್ ರಂಧ್ರದ ಕಥೆ ಇನ್ನೂ ಪ್ರಸಿದ್ಧ. 1985ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದ್ದು ಹ್ಯಾಲಿ ಬೇ ಎಂಬಲ್ಲಿ ಹಳೆಯ ಡಾಬ್ಸನ್ ಯಂತ್ರವನ್ನು ವರ್ಷಗಟ್ಟಲೆ ಓದುತ್ತಾ ಬಂದ ಬ್ರಿಟಿಷ್ ತಂಡದ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್. ಆ ಹೊತ್ತಿಗೆ ಉಪಗ್ರಹವೂ ರಂಧ್ರವನ್ನು ಕಂಡಿತ್ತು. ಆದರೆ 180 ಡಾಬ್ಸನ್ ಯೂನಿಟ್‌ಗಿಂತ ಕಡಿಮೆ ಬಂದ ಅಂಕಿಗಳಿಗೆ ತಂತ್ರಾಂಶ 'ಅನುಮಾನ' ಎಂಬ ಗುರುತು ಹಾಕಿತ್ತು. ಕಂಪ್ಯೂಟರ್ ಅವನ್ನು ಎಸೆದುಬಿಟ್ಟಿತ್ತು ಎಂದು ಹಲವರು ಬರೆಯುತ್ತಾರೆ. ಅದು ಸರಿಯಲ್ಲ, ನಾಸಾದವರು ಅವನ್ನು ಪರಿಶೀಲಿಸುತ್ತಿದ್ದರು. ಪಾಠ ಬೇರೆ: ತೀರಾ ಅನಿರೀಕ್ಷಿತವಾದ ಅಂಕಿ ಬಂದಾಗ ಉಪಗ್ರಹವೊಂದೇ ಅದನ್ನು ನಂಬಿಸಲಾರದು. ಬೇರೆ ದಾರಿಯಿಂದ ಬಂದ ಸಾಕ್ಷಿ ಬೇಕು. ಎರಡು ವರ್ಷದಲ್ಲಿ, 1987ರಲ್ಲಿ, ಮಾಂಟ್ರಿಯಲ್ ಒಪ್ಪಂದವಾಯಿತು. ಅಷ್ಟು ಬೇಗ ದೇಶಗಳು ಒಪ್ಪಲು ಆ ಸಾಕ್ಷಿಯ ಬಲವೂ ಕಾರಣ.

ಈಗ ನಮ್ಮ ಬಲೂನಿನ ಕಡೆ ಬರೋಣ. ಓಝೋನ್ ಬಲೂನಿನ ಕೆಳಗೆ ತೂಗುವುದು ಥರ್ಮೋಕೋಲ್ ಪೆಟ್ಟಿಗೆ. ಅದರಲ್ಲೊಂದು ಪುಟ್ಟ ಪಂಪು, ಪೊಟ್ಯಾಶಿಯಂ ಅಯೊಡೈಡ್ ದ್ರಾವಣದ ಬಟ್ಟಲು. ಪಂಪು ಹೊರಗಿನ ಗಾಳಿಯನ್ನು ದ್ರಾವಣದೊಳಗೆ ಗುಳುಗುಳು ಹಾಯಿಸುತ್ತದೆ. ಗಾಳಿಯಲ್ಲಿನ ಓಝೋನ್ ಅಯೊಡೈಡನ್ನು ಅಯೊಡಿನ್ ಮಾಡುತ್ತದೆ; ಆಗ ಒಂದೊಂದು ಓಝೋನ್ ಅಣುವಿಗೆ ಎರಡು ಎಲೆಕ್ಟ್ರಾನಿನ ಲೆಕ್ಕದಲ್ಲಿ ಮೈಕ್ರೋ ಆಂಪಿಯರಿನ ಸಣ್ಣ ವಿದ್ಯುತ್ ಹರಿಯುತ್ತದೆ. ಅದನ್ನು ರೇಡಿಯೊ ಮೂಲಕ ಕೆಳಗೆ ಕಳಿಸುತ್ತದೆ. ಪಿಯುಸಿ ಪ್ರಯೋಗಾಲಯದ ರಸಾಯನಶಾಸ್ತ್ರವೇ ಸರಿ, ಆದರೆ ಮೈನಸ್ 80 ಡಿಗ್ರಿ ಚಳಿಯನ್ನು ಹಾದು ಹೋಗಬೇಕು. ದ್ರಾವಣ ಹೆಪ್ಪುಗಟ್ಟಬಾರದೆಂದೇ ಥರ್ಮೋಕೋಲ್. ಬಲೂನು ನಿಮಿಷಕ್ಕೆ 300 ಮೀಟರಿನಂತೆ ಏರಿ, ಎರಡು ಗಂಟೆಯ ಒಳಗೆ 30 ಕಿಲೋಮೀಟರ್ ದಾಟಿ, ಊದಿ ಊದಿ ಒಡೆಯುತ್ತದೆ. ಅಷ್ಟರಲ್ಲಿ ಪ್ರತಿ ನೂರಿನ್ನೂರು ಮೀಟರಿನ ಲೆಕ್ಕ ಕೆಳಗೆ ಬಂದಿರುತ್ತದೆ. ಪದರಗಳನ್ನು ನೋಡಬಲ್ಲ ಉಪಗ್ರಹಗಳಿಗೂ ಇಷ್ಟು ಸೂಕ್ಷ್ಮ ಕಾಣದು. ಅವು ಒಂದು ಪದರ ಎಂದರೆ ಕಿಲೋಮೀಟರುಗಟ್ಟಲೆ ದಪ್ಪ.

ಈ ಪೆಟ್ಟಿಗೆ ಭಾರತದಲ್ಲೇ ತಯಾರಾಗುವಂತೆ ಮಾಡಿದವರು ಅನ್ನಾ ಮಣಿ. ಅವರ ಕಥೆ ಕೇರಳಕ್ಕೂ ಕರ್ನಾಟಕಕ್ಕೂ ಸೇರಿದ್ದು. 1918ರಲ್ಲಿ ತಿರುವಾಂಕೂರಿನ ಪೀರ್ಮೇಡ್‌ನಲ್ಲಿ ಹುಟ್ಟಿ, ಮದ್ರಾಸಿನಲ್ಲಿ ಬಿ.ಎಸ್ಸಿ. ಆನರ್ಸ್ ಓದಿ, 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಬೆಳಕಿನ ಮೇಲೆ ಕೆಲಸ ಮಾಡಿ ಐದು ಪ್ರಬಂಧ ಪ್ರಕಟಿಸಿದರು. 1945ರಲ್ಲಿ ಡಾಕ್ಟರೇಟಿಗೆ ಮಹಾಪ್ರಬಂಧ ಸಲ್ಲಿಸಿದರೆ, ಎಂ.ಎಸ್ಸಿ. ಇಲ್ಲ ಎಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ. ಲಂಡನ್ನಿನಲ್ಲಿ ಹವಾಮಾನ ಉಪಕರಣಗಳ ತಂತ್ರ ಕಲಿತು, 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿದರು. ನೂರರಷ್ಟು ಉಪಕರಣಗಳ ನಕ್ಷೆ ಸಿದ್ಧಪಡಿಸಿ ಇಲ್ಲೇ ಮಾಡಿಸಿದರು. 1960ರ ದಶಕದಲ್ಲಿ ಓಝೋನ್ ಅಳೆಯುವ ಬಲೂನು ಪೆಟ್ಟಿಗೆಯನ್ನು ರೂಪಿಸಿದರು. ತುಂಬಾದ ರಾಕೆಟ್ ಉಡಾವಣಾ ಕೇಂದ್ರದಲ್ಲಿ ಹವಾಮಾನ ವೀಕ್ಷಣಾಲಯ ನಿಲ್ಲಿಸಿದವರೂ ಅವರೇ. ನಿವೃತ್ತಿಯ ಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಮೂರು ವರ್ಷ ಕೆಲಸ ಮಾಡಿದರು. 2001ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡರು. ತಪ್ಪು ಅಳತೆ ಅಳತೆಯೇ ಇಲ್ಲದ್ದಕ್ಕಿಂತ ಕೆಟ್ಟದ್ದು ಎಂಬುದು ಅವರ ಪಟ್ಟು. ಹೆಸರಿನ ಹಿಂದೆ ಎಂ.ಟೆಕ್ ಇಟ್ಟುಕೊಂಡ ನನ್ನಂಥವರು ಈ ಬದುಕನ್ನು ಒಮ್ಮೆ ಓದಬೇಕು.

ತಿರುವನಂತಪುರಕ್ಕೆ ಈ ವಿಷಯದಲ್ಲಿ ವಿಶೇಷ ಸ್ಥಾನವಿದೆ. 1963ರ ನವೆಂಬರ್ 21ರಂದು ತುಂಬಾದಿಂದ ದೇಶದ ಮೊದಲ ರಾಕೆಟ್ ಹಾರಿದ್ದು ಎಲ್ಲರಿಗೂ ಗೊತ್ತು. 1983ರ ಮಾರ್ಚ್‌ನಲ್ಲಿ ಅಲ್ಲಿ ಭಾರತ ಮತ್ತು ಸೋವಿಯತ್ ವಿಜ್ಞಾನಿಗಳು ಬೇರೆ ಬೇರೆ ಉಪಕರಣಗಳಿಂದ ಓಝೋನ್ ಅಳೆದು, ಯಾವುದು ಎಷ್ಟು ಸರಿ ಎಂದು ತಾಳೆ ನೋಡಿದ್ದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ದೇಶದೊಳಗೆ ಹವಾಮಾನ ಇಲಾಖೆ ಓಝೋನ್ ಬಲೂನು ಹಾರಿಸುತ್ತಾ ಬಂದ ಊರುಗಳು ದೆಹಲಿ, ಪುಣೆ ಮತ್ತು ತಿರುವನಂತಪುರ. ಇವುಗಳಲ್ಲಿ ಭೂಮಧ್ಯರೇಖೆಗೆ ಹತ್ತಿರದ್ದು, ದಕ್ಷಿಣ ಭಾರತಕ್ಕಿರುವ ಒಂದೇ ಒಂದು, ತಿರುವನಂತಪುರ. ಐದು ದಶಕ ಹಿಂದಕ್ಕೆ ಹೋಗುವ ಅಂಥ ದಾಖಲೆ ಉಷ್ಣವಲಯದಲ್ಲೇ ಅಪರೂಪ. 1998ರಲ್ಲಿ ನಾಸಾದ ಆನ್ ಥಾಂಪ್ಸನ್ ಮುಂದಾಳತ್ವದಲ್ಲಿ ಶಾಡೋಜ್ ಎಂಬ ಜಾಲ ಶುರುವಾಗಿ ನೈರೋಬಿ, ಸಮೋವಾ, ಬ್ರೆಜಿಲಿನ ನಟಾಲ್, ಕ್ವಾಲಾಲಂಪುರದಂಥ ಕೇಂದ್ರಗಳ ಬಲೂನು ದಾಖಲೆಯನ್ನು ಒಂದೇ ಕಡೆ, ಒಂದೇ ರೂಪದಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಉಷ್ಣವಲಯದ ಓಝೋನ್ ಬಗ್ಗೆ ಜಗತ್ತಿಗೆ ಇವತ್ತು ತಿಳಿದಿರುವುದರಲ್ಲಿ ಆ ಜಾಲದ ಪಾಲು ದೊಡ್ಡದು.

ಬಲೂನಿನ ಪರ ವಾದ ಮಾಡುವಾಗ ಅದನ್ನು ದೇವರು ಮಾಡಬೇಕಿಲ್ಲ. 2014ರ ನಂತರ ಕೆಲವು ಕೇಂದ್ರಗಳ ಬಲೂನು ಅಳತೆ ಉಪಗ್ರಹಕ್ಕಿಂತ ಶೇಕಡ ಕೆಲವಷ್ಟು ಕೆಳಗಿಳಿಯಿತು. ಹುಡುಕಿದಾಗ ಒಂದು ಬಗೆಯ ಪೆಟ್ಟಿಗೆಗಳಲ್ಲೇ ಆ ಇಳಿತ ಹೆಚ್ಚು ಎಂದು ತಿಳಿಯಿತು. ಅಲ್ಲಿ ಉಪಗ್ರಹ ಬಲೂನನ್ನು ಹಿಡಿದು ಕೊಟ್ಟಿತು. ನನ್ನ ವಾದವೂ ಇದೇ: ಎರಡೂ ಇದ್ದರೆ ಒಂದರ ತಪ್ಪು ಇನ್ನೊಂದಕ್ಕೆ ಕಾಣುತ್ತದೆ. ಒಂದನ್ನು ಬಿಟ್ಟರೆ ಉಳಿದದ್ದನ್ನು ಕೇಳುವವರಿಲ್ಲ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಲು ಈಗ ಏನಾಗಿದೆ ಎನ್ನಬಹುದು. ಓಝೋನ್ ರಂಧ್ರ ವಾಸಿಯಾಗುತ್ತಿದೆಯಲ್ಲ? ನಿಜ. ಒಪ್ಪಂದ ಹೀಗೆಯೇ ಪಾಲನೆಯಾದರೆ ಧ್ರುವಗಳ ಹೊರಗೆ 2040ರ ಸುಮಾರಿಗೆ 1980ರ ಮಟ್ಟಕ್ಕೆ ಬರುತ್ತೇವೆ ಎಂದು 2022ರ ಅಂತರರಾಷ್ಟ್ರೀಯ ಮೌಲ್ಯಮಾಪನ ಹೇಳಿದೆ. ಆದರೆ ಉಷ್ಣವಲಯದ್ದು ಬೇರೆ ಲೆಕ್ಕ. ಭೂಮಿ ಬಿಸಿಯಾದಂತೆ ನಮ್ಮ ಆಕಾಶದಲ್ಲಿ ಗಾಳಿ ಮೇಲೇರುವ ವೇಗ ಹೆಚ್ಚುತ್ತದೆ, ಗಡಿಯ ಮೇಲಿನ ಕೆಲವು ಕಿಲೋಮೀಟರ್ ಪದರದಲ್ಲಿ ಓಝೋನ್ ಕಡಿಮೆಯಾಗುತ್ತದೆ ಎಂದು ಹವಾಮಾನ ಮಾದರಿಗಳು ಹೇಳುತ್ತವೆ. ಆ ಇಳಿಕೆ ದಶಕಕ್ಕೆ ಶೇಕಡ ಒಂದೆರಡು ಇರಬಹುದಾದಷ್ಟು ಸಣ್ಣದು, ಇರುವ ಜಾಗವೂ ಉಪಗ್ರಹಕ್ಕೆ ಕಷ್ಟದ ಜಾಗ. ಇಷ್ಟು ಸಣ್ಣ ಬದಲಾವಣೆ ಹಿಡಿಯಲು ಬೇಕಾದದ್ದು ಒಂದೇ ರೀತಿಯಲ್ಲಿ, ಬಿಡದೆ, ದಶಕಗಟ್ಟಲೆ ಮಾಡಿದ ಅಳತೆ. ಮೊದಲೇ ತೆಳುವಾದ ಹೊದಿಕೆಯ ಕೆಳಗೆ ಹೊಲ, ಕಡಲು, ಕಟ್ಟಡಗಳಲ್ಲಿ ಮೈಬಗ್ಗಿಸಿ ದುಡಿಯುವವರು ಕೋಟಿಗಟ್ಟಲೆ ಇದ್ದಾರೆ. ಅವರ ಪಾಲಿಗೆ ಇದು ಕುತೂಹಲದ ಪ್ರಶ್ನೆಯಲ್ಲ. ಇನ್ನೊಂದು ಕಡೆ, ಐದು ವರ್ಷದ ಲೆಕ್ಕಕ್ಕೆ ಕಟ್ಟಿದ ಔರಾ ಇಪ್ಪತ್ತು ವರ್ಷ ದಾಟಿ ಮುಪ್ಪಾಗಿದೆ. ಹಳೆಯ ಉಪಗ್ರಹ ಹೋಗಿ ಹೊಸದು ಬಂದಾಗ ಎರಡರ ಅಂಕಿಗಳನ್ನು ಬೆಸೆಯುವ ಸೇತುವೆಯೂ ನೆಲದಿಂದ ಏರುವ ಅಳತೆಯೇ.

ನನ್ನ ಕೆಲವು ಸಹೋದ್ಯೋಗಿಗಳು ಇದಕ್ಕೆ ಎಐ ಪರಿಹಾರ ಎನ್ನುತ್ತಾರೆ. ಇರುವ ದತ್ತಾಂಶದಿಂದ ಇಲ್ಲದ್ದನ್ನು ತುಂಬಿಸಬಹುದು ಎಂಬುದು ಅವರ ಮಾತು. ತುಂಬಿಸಬಹುದು. ಆದರೆ ತುಂಬಿಸಿದ್ದು ಸರಿಯೇ ಎಂದು ನೋಡಲು ಇಟ್ಟುಕೊಳ್ಳುವ ಉತ್ತರಪತ್ರಿಕೆ ಎಲ್ಲಿಂದ ತರುತ್ತೀರಿ? ಅಯೊಡೈಡ್ ಬಟ್ಟಲಿನಿಂದ ತಾನೆ.

ಖರ್ಚಿನ ಪ್ರಶ್ನೆ ನಿಜವಾದದ್ದು. ಪೆಟ್ಟಿಗೆ ಬಹುತೇಕ ವಾಪಸು ಸಿಗುವುದಿಲ್ಲ, ಪ್ರತಿ ಹಾರಾಟಕ್ಕೂ ಹೊಸದು ಬೇಕು. ಹಾರಿಸುವ ಕೆಲ ದಿನ ಮೊದಲೇ ಅದನ್ನು ಸಿದ್ಧಗೊಳಿಸಬೇಕು, ದಿನದ ದಿನ ಓಝೋನ್ ಇಲ್ಲದ ಗಾಳಿ ಹಾಯಿಸಿ ಸೊನ್ನೆ ಬರುತ್ತದೆಯೇ ನೋಡಬೇಕು. ಇದು ಕೈ ಪಳಗಿದ ತಂತ್ರಜ್ಞರ ಕೆಲಸ. ಒಂದು ಉಪಗ್ರಹದ ಖರ್ಚಿನ ಮುಂದೆ ಇದು ಚಿಲ್ಲರೆ. ಚಿಲ್ಲರೆ ಆದದ್ದರಿಂದಲೇ ಯಾರ ಕಣ್ಣಿಗೂ ಬೀಳದೆ ನಿಂತುಹೋಗುವ ಅಪಾಯ. ಉಪಗ್ರಹ ಹಾರಿದರೆ ಮುಖಪುಟ ಸುದ್ದಿ, ಬಲೂನು ಹಾರದಿದ್ದರೆ ಸುದ್ದಿಯಿಲ್ಲ.

ಹಾಗಾಗಿ ಮೂರು ಮಾತು ಹೇಳುತ್ತೇನೆ. ಒಂದು, ತಿರುವನಂತಪುರದ ಓಝೋನ್ ಬಲೂನು ವಾರಕ್ಕೊಮ್ಮೆಯಾದರೂ, ಸೆಂಟಿನೆಲ್-5ಪಿ ತಲೆಯ ಮೇಲೆ ಹಾದುಹೋಗುವ ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಹೊಂದುವಂತೆ, ತಪ್ಪದೆ ಹಾರಬೇಕು. ಎರಡು, ಹಳೆಯ ದಾಖಲೆ ಪೂರ್ತಿಯಾಗಿ, ಯಾವ ಕಾಲದಲ್ಲಿ ಯಾವ ಬಗೆಯ ಪೆಟ್ಟಿಗೆ ಬಳಸಿದರು ಎಂಬ ಟಿಪ್ಪಣಿಯ ಸಮೇತ, ಯಾವ ವಿದ್ಯಾರ್ಥಿಯೂ ಅರ್ಜಿ ಬರೆಯದೆ ಇಳಿಸಿಕೊಳ್ಳುವಂತಿರಬೇಕು. ಕೋಡ್ ಬರೆಯಬಲ್ಲ ನಮ್ಮಂಥವರು ಶನಿವಾರ, ಭಾನುವಾರ ಕೂತು ಮಾಡಿಕೊಡಬಹುದಾದ ಸೇವೆ ಇದು, ನಾನಂತೂ ಸಿದ್ಧ. ಮೂರು, ಕರ್ನಾಟಕ. ಮಂಗಳೂರಿನ ಪಣಂಬೂರಿನಿಂದಲೂ ಬೆಂಗಳೂರಿನಿಂದಲೂ ಉಷ್ಣಾಂಶ, ಗಾಳಿ ಅಳೆಯುವ ಹವಾಮಾನ ಬಲೂನುಗಳು ವರ್ಷಗಳಿಂದ ಏರುತ್ತಿವೆ. ಬಲೂನು ಇದೆ, ಅನಿಲ ಇದೆ, ಆಂಟೆನಾ ಇದೆ, ಹಾರಿಸಲು ಬಲ್ಲವರಿದ್ದಾರೆ. ತಿಂಗಳಿಗೆ ಎರಡು ಸಲ ಸ್ವಲ್ಪ ದೊಡ್ಡ ಬಲೂನು ತಂದು, ಅದರ ದಾರಕ್ಕೆ ಓಝೋನ್ ಪೆಟ್ಟಿಗೆಯನ್ನೂ ಕಟ್ಟಿದರೆ, ಅರಬ್ಬಿ ಸಮುದ್ರದ ಅಂಚಿನಲ್ಲಿ ಪುಣೆಗೂ ತಿರುವನಂತಪುರಕ್ಕೂ ನಡುವೆ ಖಾಲಿ ಬಿದ್ದಿರುವ ಜಾಗ ತುಂಬುತ್ತದೆ.

ಅನ್ನಾ ಮಣಿ ಅವರಿಗೆ ಪದವಿ ತಂದುಕೊಡದ ಆ ಮಹಾಪ್ರಬಂಧ ಇವತ್ತಿಗೂ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆ. ಅವರು ರೂಪಿಸಿದಂಥ ಪೆಟ್ಟಿಗೆ ಮಾತ್ರ ಕರ್ನಾಟಕದ ಯಾವ ಹವಾಮಾನ ಕೇಂದ್ರದಿಂದಲೂ ವಾಡಿಕೆಯಾಗಿ ಏರುತ್ತಿಲ್ಲ. ಊರಿಗೆ ಹೋದಾಗ ಶಾಸಕರ, ಸಂಸದರ ಪರಿಚಯವಿರುವ ಓದುಗರು ಪಣಂಬೂರಿನ ಹೆಸರು ಹೇಳಿ ಇಷ್ಟನ್ನು ಕೇಳಿದರೆ ಸಾಕು.